ತಪ್ಪು ಈಸ್ಟರಿಗೆ ಬಂದ ಪರವಾನಗಿ

ಅಂತೂ ಪರವಾನಗಿ ಬಂತು. ಬಂದದ್ದು ತಪ್ಪು ಹಬ್ಬಕ್ಕೆ.

ನಮ್ಮೂರು ಬೇತ್ ಸಾಹೂರಿನಿಂದ ಜೆರುಸಲೇಮು ಕೂಗಳತೆ ದೂರ, ಆದರೆ ಸೈನ್ಯದ ಕಾಗದವಿಲ್ಲದೆ ನಡುವೆ ಕಟ್ಟಿರುವ ಗೋಡೆ ದಾಟುವ ಹಾಗಿಲ್ಲ. ಹಬ್ಬಕ್ಕೆಂದು ಕ್ರೈಸ್ತರಿಗೆ ಕೊಡುತ್ತಾರೆ. ಯಾವ ಕ್ರೈಸ್ತರಿಗೆ ಯಾವ ಹಬ್ಬ ಎಂಬ ತಲೆಬಿಸಿ ಅವರಿಗೇಕೆ? ಆರ್ಥೊಡಾಕ್ಸ್ ಆದ ನಮ್ಮತ್ತೆ ವದಿಯಾಗೆ ಲ್ಯಾಟಿನ್ನರ, ಅಂದರೆ ಕ್ಯಾಥೊಲಿಕ್ಕರ, ಈಸ್ಟರಿನ ವಾರ ಬರೆದು ಕಳಿಸಿದ್ದರು. ನಮ್ಮ ಈಸ್ಟರ್ ಅದಾಗಿ ಐದು ವಾರಕ್ಕೆ.

ಜೆರುಸಲೇಮಿನಲ್ಲಿ ಅತ್ತೆಯ ತಂಗಿ ಅಫೀಫಾ ಹಾಸಿಗೆ ಹಿಡಿದಿದ್ದರು. ಡಾಕ್ಟರು ಕೈಚೆಲ್ಲಿದ್ದರು. ಆಕೆ ಲ್ಯಾಟಿನ್ ಗಂಡನನ್ನು ಕಟ್ಟಿಕೊಂಡು ಅವನ ಚರ್ಚಿಗೆ ಸೇರಿದವರು. ನಾನು ಲ್ಯಾಟಿನ್ನಳಾಗಿ ಹುಟ್ಟಿ, ಅತ್ತೆಯ ಮಗನನ್ನು ಕಟ್ಟಿಕೊಂಡು ಇವರ ಚರ್ಚಿಗೆ ಬಂದವಳು. ಹೆಂಗಸರು ಹೀಗೆ ಅದಲುಬದಲಾಗುತ್ತಲೇ ಇರುತ್ತೇವೆ. ಕ್ಯಾಲೆಂಡರು ಮಾತ್ರ ಜಪ್ಪಯ್ಯ ಅಂದರೂ ಅಲುಗುವುದಿಲ್ಲ.

“ನಾನು ಹೋಗಲ್ಲ,” ಅಂದರು ಅತ್ತೆ. “ನಮ್ಮ ಈಸ್ಟರಿನ ಉಪವಾಸ ಶುರುವಾಗಿ ಎರಡೇ ವಾರ. ಅವರ ಹಬ್ಬದ ಮನೇಲಿ ಬಾಯಿ ಮುಚ್ಕೊಂಡು ಕೂತ್ಕೊಳ್ಳಲಾ?”

“ಕೂತ್ಕೊಳ್ಳಿ. ಒಂದು ದಿನ ನಮಗೂ ನೆಮ್ಮದಿ.”

“ತಿನ್ನದಿದ್ರೆ ಅವಳಿಗೆ ಬೇಜಾರು, ತಿಂದ್ರೆ ದೇವರಿಗೆ. ಅರವತ್ತು ವರ್ಷ ಉಪವಾಸದಲ್ಲಿ ಹಾಲು-ಬೆಣ್ಣೆ ಮುಟ್ಟಿದವಳಲ್ಲ ನಾನು.”

“ದೇವರು ಕಾಯ್ತಾನೆ ಅತ್ತೆ. ಚಿಕ್ಕತ್ತೆ ಕಾಯ್ತಾರಾ?”

“ನಮ್ಮ ಹಬ್ಬಕ್ಕೆ ಕಾಗದ ಕೊಡ್ಲಿ, ಹೋಗ್ತೀನಿ.”

ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಮ್ಮ ಪಾದ್ರಿಯನ್ನೇ ಮನೆಗೆ ಕರೆಸಿದೆ. “ಹೋಗಿ ಬನ್ನಿ ಅಮ್ಮಾ, ಬರೀ ನೋಡ್ಕೊಂಡು ಬನ್ನಿ,” ಅಂದರು. “ನಿಮಗೆ ಜ್ಞಾನಸ್ನಾನ ಆದಾಗ ನಾನೇ ಎತ್ಕೊಂಡಿದ್ದೆ, ನನಗೆ ಹೇಳ್ಬೇಡಿ,” ಎಂದು ಅತ್ತೆ ಅವರ ಬಾಯಿಯನ್ನೂ ಮುಚ್ಚಿಸಿದರು.

ಲ್ಯಾಟಿನ್ ಈಸ್ಟರಿನ ಭಾನುವಾರ, ಕಾಗದದ ಕೊನೆಯ ದಿನ, ಇನ್ನು ತಾಳಲಾರದೆ ನಾನೇ ಅವರಿಗೆ ಕೋಟು ತೊಡಿಸಿ, ಎಣ್ಣೆಯಲ್ಲಿ ಮಾಡಿದ ಬೇಳೆ-ಅನ್ನ ಕಟ್ಟಿಕೊಟ್ಟು, ತಪಾಸಣೆ ಗೇಟಿನವರೆಗೆ ಹೆಚ್ಚುಕಮ್ಮಿ ದಬ್ಬಿಕೊಂಡೇ ಹೋದೆ. ನನಗೆ ಪರವಾನಗಿ ಇರಲಿಲ್ಲ.

ಸಂಜೆ ಬಂದರು. ಏನು ತಿಂದಿರಿ ಎಂದೆ.

“ಖರ್ಜೂರ ತುಂಬಿದ ಬೆಣ್ಣೆ ಬಿಸ್ಕತ್ತು. ಅವಳೇ ಬಾಯಿಗಿಟ್ಲು. ಮೂರು.”

ಇಷ್ಟಕ್ಕೆ ವಾರವಿಡೀ ನನ್ನ ಪ್ರಾಣ ತಿಂದಿರಾ ಎಂದು ಕೇಳಬೇಕೆಂದಿದ್ದೆ. ಮುಖ ನೋಡಿ ಕುರ್ಚಿ ಎಳೆದುಕೊಟ್ಟೆ.

“‘ಕ್ರಿಸ್ತ ಎದ್ದಿದ್ದಾನೆ ಅಕ್ಕಾ’ ಅಂದ್ಲು ಕಣೇ. ಹಬ್ಬದ ಮಾತು, ಜವಾಬು ಕೊಡ್ಲೇಬೇಕಲ್ಲ. ನಮ್ಮಲ್ಲಿನ್ನೂ ಶಿಲುಬೆಗೇ ಏರ್ಸಿಲ್ಲ ಅಂತ ಹೇಳ್ಲಾ? ನಮ್ಮ ಹಬ್ಬಕ್ಕೆ ಅವಳಿರಲ್ಲ.”

“ಏನಂದ್ರಿ?”

“‘ನಿಜವಾಗಿ ಎದ್ದಿದ್ದಾನೆ’ ಅಂದೆ,” ಎಂದು ಅತ್ತೆ ಕೋಟನ್ನೂ ಬಿಚ್ಚದೆ ಕುಳಿತು ಅತ್ತರು.