ರಾತ್ರಿಯ ಗುಳಿಗೆ

ಅವ್ವನಿಗೆ ಕನ್ನಡಿ ನೋಡುವ ಅಭ್ಯಾಸವಿರಲಿಲ್ಲ. ಕುಂಕುಮ ಇಟ್ಟುಕೊಳ್ಳುವುದೂ ಬೆರಳಿನ ಅಂದಾಜಿನಲ್ಲೇ. ಅವಳ ಮುಖದ ನಿರಿಗೆಗಳನ್ನು ಅವಳಿಗೆ ಮೊದಲು ತೋರಿಸಿದವನು ಅಪ್ಪ, ಮೊಬೈಲಿನಲ್ಲಿ.

ಅಪ್ಪನಿಗೆ ಗಡಹಿಂಗ್ಲಜದಲ್ಲಿ ಸೀರೆ ಅಂಗಡಿ. ಇಚಲಕರಂಜಿಯಲ್ಲಿ ಎರಡನೆಯದು ತೆರೆಯುವವನಿದ್ದ. ಅದರ ಫಲಕಕ್ಕೆ ಗಂಡಹೆಂಡತಿಯ ಫೋಟೊ ಬೇಕಿತ್ತು. ತೆಗೆಸಿದ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಅವ್ವನ ಮೂಗಿನ ಮುಂದೆ ಹಿಡಿದ.

"ನೋಡಿಲ್ಲೆ ಸುಶೀಲಾ. ನನ್ನ ಬಾಜೂಕ ನಮ್ಮವ್ವ ನಿಂತಂಗ ಕಾಣಾಕತ್ತೈತಿ."

"ನೀವು ತಲೀಗಿ ಕರೀ ಕಲಪ ಹಚ್ಚೂದು ಬಿಡ್ರಿ. ಜೋಡಿ ಸರಿ ಆಕ್ಕೈತಿ," ಎಂದಳು ಅವ್ವ.

ಅಪ್ಪ ನಗಲಿಲ್ಲ. ಅವ್ವನನ್ನೂ ಮಗಳಾದ ನನ್ನನ್ನೂ ಕೊಲ್ಲಾಪುರದ ಕ್ಲಿನಿಕ್ಕಿಗೆ ಕರೆದೊಯ್ದ. ಅಲ್ಲಿ ನಿರಿಗೆ ತೆಗೆಯಲು ಲೇಸರಿನಿಂದ ಮುಖದ ಮೇಲ್ಚರ್ಮ ಸುಡುತ್ತಾರೆ. ಕೆಳಗಿನಿಂದ ಹೊಸದು ಬರುತ್ತದೆ. ಅವ್ವ ಹೊರಬಂದಾಗ ಮುಖ ಬಾತು, ಕೆಂಪಗೆ ಒಸರುತ್ತಿತ್ತು. ಸೋಂಕು ತಗಲದಂತೆ ಮುಂಜಾನೆ ಒಂದು, ರಾತ್ರಿ ಊಟದ ನಂತರ ಒಂದು ಗುಳಿಗೆ ಕೊಡಿ, ತಪ್ಪಿಸಬೇಡಿ ಎಂದರು ಡಾಕ್ಟರು.

ಆಗ ಚಾತುರ್ಮಾಸ. ನಾವು ಜೈನರು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟುವುದಿಲ್ಲ ಎಂದು ಅಪ್ಪ ಬಸದಿಯಲ್ಲಿ ಮುನಿಮಹಾರಾಜರ ಮುಂದೆ ಸಾರಿ, ಅವ್ವನ ಕೈ ಹಿಡಿದು ಮೇಲೆತ್ತಿದ್ದ. ಜನ ಹೊಗಳಿದ್ದು ಅವನನ್ನು.

ಕಾರಿನಲ್ಲಿ ಅವ್ವ ಕೇಳಿದಳು. "ರೀ, ರಾತ್ರಿ ಗುಳಿಗಿ ಹೆಂಗ ನುಂಗ್ಲಿ?"

"ನೇಮಾ ಮುರದ್ರ ಮಂದಿ ಉಗಳ್ತಾರ. ಮುಂಜಾನಿದೊಂದ ಸಾಕು."

"ಡಾಕ್ಟರಿಗೆ ಫೋನ್ ಹಚ್ಚಿ ಕೇಳಪ್ಪಾ," ಎಂದೆ.

"ಭಕ್ತಿ, ಭಾಳ ಶಾಣ್ಯಾಕಿ ಆಗಬ್ಯಾಡ."

ಕಾಗಲ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಅಪ್ಪ ಧಾಬಾದಲ್ಲಿ ಇಳಿದು ಕಾಂದಾಭಜಿ, ಜೈನರು ಮುಟ್ಟದ ಉಳ್ಳಾಗಡ್ಡಿಯ ಬಜ್ಜಿ, ತಿಂದು ಚಹಾ ಕುಡಿದ. ಅವ್ವ ಸುಟ್ಟ ಮುಖದಲ್ಲಿ ಕಾರಿನಲ್ಲೇ ಕೂತಿದ್ದಳು. ನಾನು ನೀರಿನ ಬಾಟಲಿ ಚಾಚಿದರೆ ದೂಡಿದಳು.

ಹೊಸ ಚರ್ಮ ಬರುವ ಮೊದಲೇ ಎಡಗಣ್ಣಿನ ಸುತ್ತ ನೀರುಗುಳ್ಳೆ ಎದ್ದವು. "ಸುಲೀತೈತಿ ಅಂತ ಮೊದಲ ಹೇಳ್ಯಾರಲ್ಲ," ಎಂದು ಅಪ್ಪ ಅಂಗಡಿಗೆ ಹೋದ. ಅವಳಿಗೆ ಕಣ್ಣು ತೆರೆಯಲಾಗದೆ ಹೋದಾಗ ನಾನೇ ಎಸ್‌.ಟಿ. ಬಸ್ಸಿನಲ್ಲಿ ಕೊಲ್ಲಾಪುರಕ್ಕೆ ಕರೆದೊಯ್ದೆ.

"ರಾತ್ರೀಚಿ ಗೋಳಿ ಘೇತಲಿ ಕಾ?" ರಾತ್ರಿಯ ಗುಳಿಗೆ ನುಂಗಿದಿರಾ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು. ನಾನು ನೇಮದ ವಿಷಯ ಹೇಳಿದೆ. ಅವರು ರೇಗಿದರು: ಒಂದು ಮಾತು ತಿಳಿಸಿದ್ದರೆ ಅದನ್ನು ಹೊತ್ತು ಮುಳುಗುವ ಮೊದಲೇ ನುಂಗಲು ಹೇಳುತ್ತಿದ್ದೆ. ನಾನು, ನೇಮವಿದೆಯೇ ಎಂದು ನೀವು ಯಾಕೆ ಕೇಳಲಿಲ್ಲ, ಹೊರಗೆ ಕುರ್ಚಿಯಲ್ಲಿ ಕೂತವರಲ್ಲಿ ಅರ್ಧ ನಮ್ಮ ಜೈನರೇ ಇದ್ದಾರಲ್ಲ ಎಂದೆ. ಅವರು ಕಣ್ಣಿನ ಆಸ್ಪತ್ರೆಗೆ ಚೀಟಿ ಬರೆದರು.

ಇಚಲಕರಂಜಿಯ ಅಂಗಡಿ ತೆರೆದ ದಿನ ಅವ್ವ ಆ ಆಸ್ಪತ್ರೆಯಲ್ಲಿದ್ದಳು. ಅಪ್ಪ ಫಲಕದ ಚಿತ್ರ ಕಳಿಸಿದ. ಅವನ ಪಕ್ಕದಲ್ಲಿ ನುಣುಪು ಮುಖದ ಅವ್ವ. ಹಳೆಯ ಫೋಟೊವನ್ನೇ ಕಂಪ್ಯೂಟರಿನಲ್ಲಿ ತಿದ್ದಿಸಿದ್ದ. ಹಿಂದೆಯೇ ಫೋನು ಬಂತು.

"ಮಂದಿ ಕೇಳಿದ್ರ ಆಕಿ ನೇಮದಾಗ ಕುಂತಾಳ ಅಂತ ಹೇಳಾಕತ್ತೇನಿ. ನೀವೂ ಹಂಗ ಹೇಳ್ರಿ."

ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ನೇಮಾ ಮುರದಾಳ ಅಂತ ಹೇಳ್ರಿ. ಮಹಾರಾಜರ ಮುಂದ ನಾನ ಬಂದು ಹೇಳ್ತೇನಿ. ನಿಮ್ಮ ಕಾಂದಾಭಜಿ ಸುದ್ದೀನೂ ಹೇಳ್ತೇನಿ."

ಹೊತ್ತು ಮುಳುಗಿತ್ತು. ಆಸ್ಪತ್ರೆಯವರು ಕೊಟ್ಟ ಗುಳಿಗೆ ಬಾಯಿಗೆ ಹಾಕಿಕೊಂಡು ಲೋಟದ ನೀರಷ್ಟನ್ನೂ ಕುಡಿದಳು.

ಆ ಗುಳಿಗೆ ತಡವಾಗಿತ್ತು. ಎಡಗಣ್ಣಿಗೆ ಈಗ ಬೆಳಕಷ್ಟೇ ಗೊತ್ತಾಗುತ್ತದೆ, ಮನುಷ್ಯರ ಗುರುತು ಸಿಗುವುದಿಲ್ಲ. ಕೆನ್ನೆಯ ಮೇಲೆ ಕುಳಿಗಳು ಉಳಿದಿವೆ. ಹೋದದ್ದು ಒಂದು ಕಣ್ಣು, ಅರ್ಧ ಹುಬ್ಬು.