ಸೂತಕದ ಕೀಲಿಕೈ

"ಬೀಗ ತೆಗಿಯೋ," ಎಂದಳು ಗಂಗಾಮಣಿ. ಸೊಂಟದ ಮೇಲಿನ ಹೊಸ ಗಡಿಗೆ ಗೇಟಿನ ಸರಳಿಗೆ ತಾಗಿ ಸದ್ದು ಮಾಡಿತು.

ಗೇಟಿನ ಒಳಗೆ ನಿಂತಿದ್ದವನು ಅವಳ ಮಗ ನವೀನ್‌ಕುಮಾರ್. ಹೇಮಾವತಿ ದಡದ ಈ ಉದ್ಯಾನದಲ್ಲಿ ಟಿಕೆಟ್ ಹರಿಯುವುದು, ಬೆಳಿಗ್ಗೆ ಬೀಗ ತೆಗೆಯುವುದು, ಸಂಜೆ ಹಾಕುವುದು ಅವನ ಕೆಲಸ. ನೀಲಿ ಅಂಗಿಯ ಜೇಬಿನ ಮೇಲೆ 'ಹೊಳೆ ವಿಹಾರ ಸಮಿತಿ' ಎಂದು ಬರೆಸಿ ಕೊಟ್ಟಿದ್ದರು. ಅವನು ತಾಯಿಯ ಮುಖ ನೋಡುವ ಧೈರ್ಯವಿಲ್ಲದೆ ಗಡಿಗೆ ನೋಡಿದ.

"ಅವ್ವ, ಇವತ್ತೊಂದಿನ ಬ್ಯಾಡ ಕಣವ್ವ. ಬೋಟಿಂಗ್ ಉದ್ಘಾಟ್ನೆ ಐತೆ. ಹಾಸನದಿಂದ ಸಾಹೇಬ್ರು ಬತ್ತಾವ್ರೆ. ಗಂಗಾಪೂಜೆ ಮಾಡ್ಬೇಕಂತೆ. ಸೂತ್ಕದ ಮನೆಯೋರ್ನ ಒಳಗೆ ಬಿಡ್ಬ್ಯಾಡ ಅಂತ ಸಮಿತಿ ತಿಮ್ಮಯ್ಯನೋರು ಕಡಾಖಂಡಿತ ಹೇಳವ್ರೆ."

"ಸತ್ತಿರೋಳು ಯಾರು ಅಂತ ಗೊತ್ತೇನೋ?"

"ಗೊತ್ತು."

"ಬಾಯ್ಬಿಟ್ಟು ಹೇಳು."

"ದೊಡ್ಡವ್ವ."

"ನಿನ್ನ ಎತ್ತಿ ಆಡ್ಸಿದ ದೊಡ್ಡವ್ವ. ನಾನು ಹೆತ್ತೂರು ಎಸ್ಟೇಟ್ ಲೈನಲ್ಲಿ ದುಡಿದು ಸಾಯ್ತಿರುವಾಗ ನಿಂಗೆ ಅನ್ನ ಕಲಸಿ ತಿನ್ಸಿದೋಳು. ಒಂದು ಗಡಿಗೆ ನೀರು ಕಣೋ ನಾನು ಕೇಳ್ತಿರೋದು. ಕೊನೇ ಸಲ ಮೈ ತೊಳಿಯಾಕೆ."

"ನಲ್ಲೀಲಿ ನೀರು ಬತ್ತಾ ಐತಲ್ಲವ್ವ," ಎಂದುಬಿಟ್ಟ ನವೀನ. ಅಂದ ಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಗಂಗಾಮಣಿ ಹಿಂದಿರುಗಿದಳು. ಬೇರೆ ಕಡೆಯಿಂದ ಹೊಳೆಗೆ ಇಳಿಯೋಣವೆಂದರೆ ದಾರಿಯಿಲ್ಲ. ಮೇಲಕ್ಕೆ ರೆಸಾರ್ಟಿನ ಗೋಡೆ, ಕೆಳಕ್ಕೆ ಎಸ್ಟೇಟಿನ ತಂತಿಬೇಲಿ. ಊರಿಗೆ ಉಳಿದಿದ್ದ ದಡ ಇದೊಂದೇ, ಅದಕ್ಕೆ ಬೀಗ ಹಾಕಿ ಕಾಯಲು ಅವಳು ಹೆತ್ತ ಮಗನನ್ನೇ ಹುಡುಕಿ ನಿಲ್ಲಿಸಿದ್ದರು.

* * *

ಆ ದಡ ಹಿಂದೆ ಹೇಗಿತ್ತೆಂದು ಈಗ ಟಿಕೆಟ್ ಕೊಂಡು ಬರುವವರಿಗೆ ಹೇಳಿದರೆ ನಂಬುವುದಿಲ್ಲ. ಆನೇಮಹಲಿನ ಹೆದ್ದಾರಿ ಹೋಟೆಲುಗಳ ಎಂಜಲೆಲೆ, ಕೋಳಿಪುಕ್ಕ, ಒಡೆದ ಬಾಟಲಿ ಎಲ್ಲವೂ ಅಲ್ಲಿಗೇ. ಮೂಗು ಮುಚ್ಚಿಕೊಂಡು ಬಟ್ಟೆ ಒಗೆದು ಓಡಿ ಬರುತ್ತಿದ್ದರು ಹೆಂಗಸರು. ಒಂದು ದಿನ ನವೀನನ ದೊಡ್ಡವ್ವ ಭದ್ರಮ್ಮ ಒಗೆದ ಬಟ್ಟೆಯನ್ನು ಬುಟ್ಟಿಗೆ ತುಂಬಿ, ಹೊರಡದೆ ಅಲ್ಲೇ ನಿಂತಳು.

"ಇಲ್ಲಿ ಕೂತ್ಕಳಾಕೆ ಒಂದು ಜಾಗ ಆಗ್ಬೇಕು ಕಣೆ ಗಂಗಾ," ಎಂದಳು ಓರಗಿತ್ತಿಗೆ.

"ಕೂತು ಏನ್ ಮಾಡ್ತೀಯಕ್ಕ?"

"ಏನೂ ಮಾಡಲ್ಲ. ಸುಮ್ನೆ ಕೂರೋದು."

ಗಂಗಾಮಣಿ ನಕ್ಕಿದ್ದಳು. ಹುಟ್ಟಿದಾರಭ್ಯ ಕೂತು ಗೊತ್ತಿಲ್ಲದವಳಿಗೆ ಇದೆಂಥ ಬಯಕೆ ಎಂದು. ಆದರೆ ಭದ್ರಮ್ಮ ಒಂದು ಹಿಡಿದರೆ ಬಿಡುವ ಪೈಕಿಯಲ್ಲ. ಆ ಸೀಮೆಯಲ್ಲಿ ಮುಯ್ಯಾಳು ಎಂಬ ವಾಡಿಕೆಯಿದೆ. ಇವತ್ತು ನಿನ್ನ ಗದ್ದೆಗೆ ನಾನು ದುಡಿದರೆ ನಾಳೆ ನನ್ನ ಗದ್ದೆಗೆ ನೀನು ಬರಬೇಕು, ಕೂಲಿ ಇಲ್ಲ. ಗದ್ದೆಯೇ ಇಲ್ಲದ ಭದ್ರಮ್ಮ ಎಲ್ಲರ ನಾಟಿಗೂ, ಕಳೆಗೂ, ಕಾಫಿ ಕುಯ್ಲಿಗೂ ಮುಯ್ಯಾಳಾಗಿ ಹೋದಳು. "ನಿಂಗೆ ಹೆಂಗಮ್ಮ ಮುಯ್ಯಿ ತೀರ್ಸೋದು, ಗದ್ದೆ ಎಲ್ಲೈತೆ?" ಎಂದು ಅವರು ಕೇಳಿದರೆ, "ಹೊಳೆ ದಡಕ್ಕೆ ಬಂದು ತೀರ್ಸಿ" ಎನ್ನುತ್ತಿದ್ದಳು.

ಮುಯ್ಯಿ ಉಳಿಸಿಕೊಂಡವರೆಂದು ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಬಂದರು. ಕಸ ಎತ್ತಿದರು, ದಡ ಸವರಿದರು, ಕಲ್ಲು ಹೊತ್ತು ಮೆಟ್ಟಿಲು ಕಟ್ಟಿದರು. ಅದನ್ನು ಕಂಡ ಮೇಲೆಯೇ ಪ್ಲಾಂಟರ್ ತಿಮ್ಮಯ್ಯನವರಿಗೆ ಉತ್ಸಾಹ ಬಂದದ್ದು. ಅವರು ಸಮಿತಿ ಮಾಡಿದರು, ಚಂದಾ ಎತ್ತಿದರು, ಎಸ್ಟೇಟುಗಳಿಂದ ಕಾಫಿ ಮೂಟೆ ಬೇಡಿ ತಂದು ಮಾರಿದರು, ಸರ್ಕಾರದ ಅನುದಾನ ತಂದರು. ಅವರೇನೂ ಕೆಟ್ಟವರಲ್ಲ, ಬಿಸಿಲಲ್ಲಿ ನಿಂತು ಗಿಡ ನೆಡಿಸಿದವರೇ. ಆಮೇಲೆ ನಿರ್ವಹಣೆ ಎಂಬ ಮಾತು ಬಂತು. ಅದರ ಹಿಂದೆ ಏನು ಬೇಕಾದರೂ ಅವಿತು ಕೂರಬಹುದು. ಮೊದಲು ಗ್ರಿಲ್ಲು ಬಂತು, ಆಮೇಲೆ ಗೇಟು, ಆಮೇಲೆ 'ಬಟ್ಟೆ ಒಗೆಯುವುದನ್ನು ನಿಷೇಧಿಸಲಾಗಿದೆ' ಎಂಬ ಬೋರ್ಡು, ಕೊನೆಗೆ ಟಿಕೆಟ್ಟು.

* * *

ಗಂಗಾಮಣಿ ಖಾಲಿ ಗಡಿಗೆಯೊಂದಿಗೆ ಬಂದದ್ದನ್ನು ಅಂಗಳದಲ್ಲಿದ್ದವರೆಲ್ಲ ನೋಡಿದರು. ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದ ಭದ್ರಮ್ಮನ ಕೊರಳಲ್ಲಿ ದೊಡ್ಡದೊಂದು ಸುಗಂಧರಾಜದ ಹಾರ. ಬೆಳಿಗ್ಗೆಯೇ ತಿಮ್ಮಯ್ಯ ಬಂದು ಹಾಕಿ, "ಈ ತಾಯಿ ಇಲ್ದಿದ್ರೆ ಪಾರ್ಕೇ ಇಲ್ಲ" ಎಂದು ಕಣ್ಣೊರೆಸಿಕೊಂಡು, ಹೋಗುವಾಗ ಗಂಡ ಲಕ್ಕಯ್ಯನ ಕಿವಿಯಲ್ಲಿ ಉದ್ಘಾಟನೆಯ ವಿಷಯ ಉಸುರಿ ಹೋಗಿದ್ದರು.

"ಬಿಡಲಿಲ್ವಾ?" ಎಂದ ಲಕ್ಕಯ್ಯ.

"ಇಲ್ಲ ಭಾವ."

"ಹೋಗ್ಲಿ ಬಿಡಮ್ಮ. ನಲ್ಲಿ ನೀರೇ ಹುಯ್ಯನ. ಯಾವತ್ತೂ ಯಾರ ತಾವೂ ಜಗಳ ಆಡ್ದೋಳಲ್ಲ ಅವ್ಳು. ಇವತ್ಯಾಕೆ?"

ಅದೇ ಗಂಗಾಮಣಿಯ ಹೊಟ್ಟೆ ಉರಿಸುತ್ತಿದ್ದುದು. ತಿಮ್ಮಯ್ಯನ ಮೇಲೆ ಸಿಟ್ಟು, ಮಗನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಇವಳ ಮೇಲೆ. ಟಿಕೆಟ್ಟು ಶುರುವಾದ ವಾರ ಇಬ್ಬರೂ ತಲೆ ಬಾಚಿಕೊಂಡು ಕೂರಲೆಂದೇ ಹೋಗಿದ್ದರು. ನವೀನ ಗೇಟಿನಲ್ಲಿ ತಲೆ ತಗ್ಗಿಸಿ, "ದೊಡ್ಡವ್ವ, ಟಿಕೆಟ್ಟು... ತಡಿ, ನಾನೇ ಹಾಕ್ತೀನಿ" ಎಂದು ಜೇಬಿಗೆ ಕೈ ಹಾಕಿದ್ದ. ಭದ್ರಮ್ಮ ಅವನ ಕೈ ಹಿಡಿದು, "ಬ್ಯಾಡ ಕಣಪ್ಪ, ನಂಗೂ ಮನೇಲಿ ಕೆಲ್ಸ ಐತೆ" ಎಂದು ಹಿಂತಿರುಗಿದ್ದಳು. ಏನು ಕೆಲಸವಿತ್ತು? ಏನೂ ಇರಲಿಲ್ಲ. ಆಮೇಲೆ ಅವಳು ಆ ಕಡೆ ಕಾಲಿಡಲಿಲ್ಲ, ಒಂದು ಮಾತೂ ಆಡಲಿಲ್ಲ. ಬೈಯಬಾರದಿತ್ತೇ? ಗೇಟಿಗೊಂದು ಒದೆಯಬಾರದಿತ್ತೇ? ಎಲ್ಲ ಕೆಲಸ ಬರುತ್ತಿದ್ದವಳಿಗೆ ಸಿಟ್ಟು ಮಾಡುವ ಕೆಲಸವೊಂದು ಬರಲಿಲ್ಲ.

"ನಂಗೂ ಎರಡು ನಾಟಿ ಮುಯ್ಯಿ ಬಾಕಿ ಇತ್ತು ಅವಳ್ದು," ಎಂದಳು ಮೂಲೆಯಲ್ಲಿದ್ದ ವಾಣಿ ಸೆರಗಿನಿಂದ ಮೂಗೊರೆಸುತ್ತ. "ಇನ್ಯಾರಿಗೆ ತೀರ್ಸಾನ?"

ಶಾಸ್ತ್ರದ ಮಾತುಗಳಲ್ಲಿ ಊರಿಗೆ ಹಿರಿಯನಾದ ರುದ್ರಯ್ಯ ಎದ್ದ. "ಹೊತ್ತು ಏರ್ತಾ ಐತೆ. ನಲ್ಲಿ ನೀರೇ ಆಗ್ಲಿ. ಗಂಗಾಮಣಿ, ಸೂತ್ಕ ನಿಮ್ಮ ಎರಡೂ ಮನೆಗೂ ಒಂದೇ ಕಣಮ್ಮ. ನವೀನಂಗೂ ಹೇಳು, ತಿಥಿ ಆಗೋಗಂಟ ಪೂಜೆ ಸಾಮಾನು ಮುಟ್ಟಂಗಿಲ್ಲ."

ಗಂಗಾಮಣಿ ಗಡಿಗೆಯನ್ನು ಕೆಳಗಿಡಲು ಹೋದವಳು ಹಾಗೇ ನಿಂತಳು.

"ಯಾರಿಗೆ ಅಂದ್ರಿ ರುದ್ರಣ್ಣ?"

"ನಿನ್ನ ಮಗಂಗೆ. ದಾಯಾದಿ ಅಲ್ವಾ ಅವ್ನು?"

"ಚಟ್ಟ ಎತ್ತಿ," ಎಂದಳು ಗಂಗಾಮಣಿ. "ನೀರು ಇಲ್ಲಿಗೆ ಬರಲ್ಲ ಅಂದ್ರೆ ಅಕ್ಕ ಅಲ್ಲಿಗೇ ಹೋಗ್ಲಿ."

"ಮೀಸ್ದೆ ಎತ್ತೋದಾ?" ರುದ್ರಯ್ಯ ಹೌಹಾರಿದ.

"ಅಲ್ಲೇ ಮೀಸ್ತೀನಿ. ಅವಳ ಮುಯ್ಯಿ ಉಳ್ಸ್ಕಂಡಿರೋರೆಲ್ಲ ಬನ್ನಿ. ಮಿಕ್ಕೋರು ಮನೇಗೆ ಹೋಗಿ."

ಯಾರೂ ಮನೆಗೆ ಹೋಗಲಿಲ್ಲ.

* * *

ಉದ್ಯಾನದ ಗೇಟಿಗೆ ಬಾಳೆಕಂದು, ಚೆಂಡುಹೂವು. ಒಳಗೆ ನೀರಿನಂಚಿನಲ್ಲಿ ಹೊಸ ದೋಣಿ, ಅದರ ಮುಂದೆ ಕಳಸ. ಆಲೂರಿನಿಂದ ಕರೆಸಿದ್ದ ಭಟ್ಟರು ಅರಿಶಿನದ ಗಂಗೆ ಮಾಡಿ ಕೂತಿದ್ದರು. ಅಧಿಕಾರಿಯ ಕಾರು ಇನ್ನೂ ಬಂದಿರಲಿಲ್ಲ. ತಮಟೆಯೂ ಇಲ್ಲದೆ ಬಂದ ಚಟ್ಟ ಗೇಟಿನೆದುರು ಇಳಿದಾಗ ತಿಮ್ಮಯ್ಯ ಶಲ್ಯ ಸರಿಮಾಡಿಕೊಳ್ಳುತ್ತ ಓಡಿ ಬಂದರು.

"ಗಂಗಾಮಣಿ, ಇದೇನಮ್ಮ ಮಾರಾಯ್ತಿ! ಒಂದು ಗಂಟೆ ತಡ್ಕಳಿ. ಪೂಜೆ ಮುಗೀಲಿ, ಆಮೇಲೆ ನಾನೇ ಬೀಗ ತೆಗಿಸ್ತೀನಿ. ಸೂತ್ಕ ತಗುಲಿದ್ರೆ ಅಪಶಕುನ ಅಲ್ವಾ, ನೀವೇ ಹೇಳಿ."

"ಹೌದು, ತಗುಲ್ಬಾರ್ದು," ಎಂದಳು ಗಂಗಾಮಣಿ. "ಹೂವು ಕಟ್ಟಿದ್ದು ಯಾರು?"

"ನಮ್ಮ ನವೀನ."

"ಕಳಸಕ್ಕೆ ನೀರು ತಂದಿದ್ದು?"

"ಅವ್ನೇ. ಬೆಳಗಾನೆ ಎದ್ದು ಎಲ್ಲಾ ಅವ್ನೇ ಮಾಡವ್ನೆ, ಪಾಪ."

"ಅವ್ನು ಸತ್ತೋಳಿಗೆ ಏನಾಗ್ಬೇಕು ತಿಮ್ಮಯ್ಯನೋರೆ?"

ತಿಮ್ಮಯ್ಯ ತಿರುಗಿ ಕಳಸದತ್ತ ನೋಡಿದರು. ನವೀನನೂ ಸೂತಕದವನೇ ಎಂಬುದು ಅಷ್ಟು ದೊಡ್ಡ ಸಮಿತಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನವೀನನಿಗೂ ಹೊಳೆದಿರಲಿಲ್ಲ. ನೀಲಿ ಅಂಗಿ ತೊಟ್ಟವನು ಸಮಿತಿಯವನು ಎಂದಷ್ಟೇ ಎಲ್ಲರ ಲೆಕ್ಕ, ಅವನಿಗೂ ಒಬ್ಬಳು ದೊಡ್ಡವ್ವ ಇದ್ದಳೆಂಬುದು ಆ ಅಂಗಿಯಲ್ಲಿ ಮುಚ್ಚಿಹೋಗಿತ್ತು. ಮಾತು ಕಿವಿಗೆ ಬಿದ್ದದ್ದೇ ಭಟ್ಟರು ಅರಿಶಿನದ ಕೈಯನ್ನು ಮೇಲಕ್ಕೆತ್ತಿದರು.

"ಶಿವಶಿವಾ! ಆ ನೀರಲ್ಲೇ ನಾನು ಸಂಕಲ್ಪ ಮಾಡಿದ್ದು!" ಎಂದು ಎದ್ದು, ಚೀಲ ಹುಡುಕತೊಡಗಿದರು.

"ಲೋ, ಕೀಲಿಕೈ ಕೊಡೋ ಇಲ್ಲಿ," ಎಂದು ತಿಮ್ಮಯ್ಯ ನವೀನನತ್ತ ಕೈ ಚಾಚಿದರು. ನವೀನ ಕೊಡಲು ಬಂದ. ತಿಮ್ಮಯ್ಯನವರ ಕೈ ಅಲ್ಲಿಂದಲ್ಲಿಗೇ ಹಿಂದಕ್ಕೆ ಸರಿಯಿತು. ಸಾವಿನ ಮನೆಯಿಂದ ಹೋಗಿ ಮಿಂದು ಮಡಿಯಾಗಿ ಪೂಜೆಗೆ ಕೂರಬೇಕಾದವರು, ಸೂತಕದವನ ಕೈಯಿಂದ ಹೇಗೆ ತೆಗೆದುಕೊಂಡಾರು? ಸಮಿತಿಯ ಇನ್ನಿಬ್ಬರನ್ನು ನೋಡಿದರು. ಅವರು ಹೊಳೆ ನೋಡುತ್ತಿದ್ದರು.

ಕೀಲಿಕೈ ನವೀನನ ಅಂಗೈಯಲ್ಲೇ ಉಳಿಯಿತು. ಅವನು ಮೊದಲ ಬಾರಿಗೆ ಗೇಟಿನಾಚೆಯ ಚಟ್ಟವನ್ನು ನೋಡಿದ, ನೋಡುತ್ತಲೇ ಮುಖ ಕಿವುಚಿಕೊಂಡಿತು. "ದೊಡ್ಡವ್ವಾ," ಎಂದ. ಬೀಗ ತೆಗೆದ.

"ಅಳೋದು ಆಮೇಲೆ," ಎಂದಳು ಗಂಗಾಮಣಿ. "ಆ ಅಂಗಿ ಬಿಚ್ಚಿ ಹೆಗಲು ಕೊಡು."

ತಾವು ಕಟ್ಟಿದ ಮೆಟ್ಟಿಲುಗಳ ಮೇಲೆ ಊರಿನವರು ಭದ್ರಮ್ಮನನ್ನು ಇಳಿಸಿದರು. ಹೆಂಗಸರು ಸೀರೆ ಮರೆ ಹಿಡಿದರು. ಗಂಗಾಮಣಿ ಗಡಿಗೆ ಮುಳುಗಿಸಿ ಮುಳುಗಿಸಿ ನೀರು ಹೊಯ್ದಳು. ಒಂದು ಗಡಿಗೆಗೆ ನಿಲ್ಲಿಸಲಿಲ್ಲ. ಬೇಡಿದ್ದು ಒಂದೇ ಗಡಿಗೆ, ಬೇಡುವ ಹೊತ್ತು ಈಗ ಮುಗಿದಿತ್ತು. "ತಗಾ ಅಕ್ಕ, ತಗಾ," ಎನ್ನುತ್ತಿದ್ದಳು, ಅಳುತ್ತಲೂ ಇದ್ದಳು, ಬೈಯುತ್ತಲೂ ಇದ್ದಳು. ರಸ್ತೆಯಲ್ಲಿ ಅಧಿಕಾರಿಯ ಕಾರು ಬಂದು ನಿಂತು, ತಿಮ್ಮಯ್ಯ ಕಿಟಕಿಗೆ ಬಗ್ಗಿ ಏನೋ ಹೇಳಿದ ಮೇಲೆ ತಿರುಗಿಕೊಂಡು ಹೋಯಿತು.

ಹೊಸ ಸೀರೆ ಉಡಿಸಿದ ಮೇಲೆ ವಾಣಿ ಹಳೆಯದನ್ನು ನೀರಿಗೆ ಬಿಡಲು ಹೋದಳು. ಹಾಗೆ ಬಿಡುವುದೇ ವಾಡಿಕೆ.

"ಹೊಳೆಗೆ ಹಾಕ್ಬ್ಯಾಡ," ಗಂಗಾಮಣಿ ಕಸಿದುಕೊಂಡಳು. "ಕಸ ಎತ್ತಿ ಎತ್ತಿ ಸೊಂಟ ಬಿದ್ದೋಗಿತ್ತು ಅವಳ್ದು."

ಬಟ್ಟೆ ಒಗೆಯಬಾರದೆಂಬ ಬೋರ್ಡಿನ ಕೆಳಗಿನ ಮೆಟ್ಟಿಲಲ್ಲೇ ಅವಳು ಸೀರೆಯನ್ನು ಬಡಿದು ಬಡಿದು ಒಗೆದಳು. ಯಾರೂ ಅವಸರಿಸಲಿಲ್ಲ. ಲಕ್ಕಯ್ಯ ಹೆಂಡತಿಯ ಪಕ್ಕದಲ್ಲಿ, ನೀರಿಗೆ ಕಾಲು ಬಿಟ್ಟು ಕೂತಿದ್ದ. ಸೀರೆಯ ಒಂದು ತುದಿಯನ್ನು ಗಂಗಾಮಣಿ ಮಗನ ಕಡೆ ಎಸೆದಳು.

"ಹಿಡ್ಕ."

ಬರಿಮೈಯಲ್ಲಿ ನಿಂತಿದ್ದ ನವೀನ ಹಿಡಿದ. ಅವಳು ಬಲಕ್ಕೆ ತಿರುಚಿದಳು, ಅವನು ಎಡಕ್ಕೆ. ನೀರು ಧಾರೆಯಾಗಿ ಸುರಿಯಿತು, ಆಮೇಲೆ ತೊಟ್ಟಿಕ್ಕಿತು, ಆಮೇಲೆ ನಿಂತಿತು.

"ನೀರು ಹೋಯ್ತು ಕಣವ್ವ," ಎಂದ ಅವನು.

"ಹಿಂಡು," ಎಂದಳು ಗಂಗಾಮಣಿ, ಇನ್ನೊಂದು ಸುತ್ತು ತಿರುಚಿ.