ಬೇಲಿಗೆ ಕೊಟ್ಟ ಕರೆಂಟು

ನರಸಯ್ಯನಿಗೆ ಲೆಕ್ಕ ಬರಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ. ಕುರಿಯ ಬೆನ್ನು ಮುಟ್ಟಿ ನೋಡಿ ತೂಕ ಹೇಳುವ ಆಸಾಮಿ. ಆದರೆ ಆ ಭಾನುವಾರ ಬೆಳಿಗ್ಗೆ ಹಾಕಿದನಲ್ಲ ಒಂದು ಲೆಕ್ಕ, ಅಂಥದ್ದು ಶತ್ರುವಿಗೂ ಬೇಡ ಮಾರಾಯ್ರೆ.

ಮರಳವಾಡಿ ಹತ್ತಿರದ ಅವನ ಹೊಲದಲ್ಲಿ ಕಡ್ಲೆಕಾಯಿ ಬಲಿತಿತ್ತು. ಕಾಡುಹಂದಿಗಳಿಗೆ ಅದು ಯಾರು ಹೇಳ್ತಾರೋ, ಬಲಿಯುವುದೇ ತಡ, ಬಂದು ಬೀಳುತ್ತವೆ. ಅವುಗಳ ಕಾಟಕ್ಕೇ ಹೊಲದ ಸುತ್ತ ಸೋಲಾರ್ ಬೇಲಿ ಹಾಕಿಸಿದ್ದ. ಸಂಜೆ ಮೆಷಿನ್ನು ಹಾಕಿದರೆ ಬೆಳಗಿನ ತನಕ ತಂತಿಯಲ್ಲಿ ಝಟ್ಕಾ ಇರುತ್ತೆ. ಮುಟ್ಟಿದ ಹಂದಿ ಕಿರುಚಿಕೊಂಡು ಓಡುತ್ತೆ, ಸಾಯೋದಿಲ್ಲ. ನರಸಯ್ಯನೂ ಒಂದು ಸಲ ಮರೆತು ಮುಟ್ಟಿ, ಹಿಂದಕ್ಕೆ ಬಿದ್ದು, ಮೈ ಕೊಡವಿಕೊಂಡು ಎದ್ದು ಬಂದಿದ್ದ. ಹಗಲು ಮೆಷಿನ್ನು ಬಂದ್. ಆಗ ಅದೇ ತಂತಿ ಅವನ ಹೆಂಡತಿ ಕೃಷ್ಣಮ್ಮನಿಗೆ ಬಟ್ಟೆ ಒಣಗಿಸೋ ಜಾಗ. ಆ ಕಡೆ ಎಲ್ಲರ ಬೇಲಿ ಮೇಲೂ ಹಗಲು ಸೀರೆ, ಪಂಚೆ ಇದ್ದೇ ಇರುತ್ತವೆ.

ಶನಿವಾರ ಸಂಜೆ ಆ ಮೆಷಿನ್ನು ಕೆಟ್ಟು ಕೂತಿತು. ರಾತ್ರಿ ಕಳೆಯುವಷ್ಟರಲ್ಲಿ ಹಂದಿಗಳು ಹೊಲದ ಒಂದು ಮೂಲೆಯನ್ನು ಉತ್ತು ಹಾಕಿದ್ದವು. ನರಸಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಮೆಷಿನ್ನಿನ ಮೇಲೆ ಎಂಟು ಸಾವಿರ ವೋಲ್ಟ್ ಅಂತ ಬರೆದಿತ್ತು. ಎಂಟು ಸಾವಿರಕ್ಕೇ ಒಂದು ಹಂದಿ ಸಾಯಲ್ಲ ಅಂದಮೇಲೆ ಮೋಟ್ರು ಮನೆಯ ಲೈನು ಬರೀ ಇನ್ನೂರ ಮೂವತ್ತು, ಅದೇನು ಮಹಾ, ಒಸಿ ಜುಮ್ ಅನ್ನಿಸಬಹುದು ಅಂದುಕೊಂಡ. ಕರೆಂಟು ಇಲ್ಲದ ಹೊತ್ತು ನೋಡಿ ಪಂಪಿನ ಬೋರ್ಡಿನಿಂದ ಒಂದು ವೈರು ಎಳೆದು ಬೇಲಿಗೆ ಸುತ್ತಿಬಿಟ್ಟ. ಪಂಪಿಗೆ ಕರೆಂಟು ಕೊಡೋದು ಹೇಗೂ ರಾತ್ರಿ ಹೊತ್ತು. ತಾನಾಗೇ ಬರುತ್ತೆ, ಹಂದೀನ ಓಡಿಸುತ್ತೆ, ತಾನಾಗೇ ಹೋಗುತ್ತೆ. ತನ್ನ ಬುದ್ಧಿಗೆ ತಾನೇ ಶಭಾಷ್ ಅಂದುಕೊಂಡು ಮನೆಗೆ ಬಂದ.

ಜಗಲಿ ಮೇಲೆ ಮಗಳು ನಯನ ಕಾಫಿ ಕುಡಿಯುತ್ತಾ ಕೂತಿದ್ದಳು. ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ವೈರಿಂಗ್ ಪರೀಕ್ಷೆ ಮಾಡುವ ಕೆಲಸ ಅವಳದು. ವಾರಕ್ಕೊಂದು ರಜೆ, ಊರಿಗೆ ಬಂದಿದ್ದಳು. ನರಸಯ್ಯ ಮೀಸೆ ತಿರುವಿಕೊಂಡು ತನ್ನ ಸಾಹಸವನ್ನೆಲ್ಲ ಹೇಳಿದ.

ನಯನ ಲೋಟ ಕೆಳಗಿಟ್ಟಳು.

"ಅಪ್ಪ, ಬರೀ ವೋಲ್ಟು ನೋಡಿದ್ರೆ ಆಯ್ತದಾ? ಎಷ್ಟು ಆಂಪಿಯರ್ ಹರೀತದೆ ಅದನ್ನ ನೋಡ್ಬೇಕು. ಎರಡನ್ನೂ ಗುಣಿಸಿದ್ರೆ ಪವರ್ರು. ನಿನ್ನ ಮೆಷಿನ್ನು ಹನ್ನೆರಡು ವೋಲ್ಟ್ ಬ್ಯಾಟ್ರಿಯಿಂದ ಕಾಲು ಆಂಪಿಯರ್ ಎಳೀತದೆ. ಗುಣಿಸು, ಮೂರು ವ್ಯಾಟು. ಒಂದು ಸಣ್ಣ ಬಲ್ಬಿಗೆ ಸಾಲೋಷ್ಟು, ಅಷ್ಟೇ. ಎಂಟು ಸಾವಿರ ಅಂತ ಬರೆದಿರೋದು ಕಣ್ಣು ಮಿಟುಕ್ಸೋಕೆ ಮುಂಚೆ ಬಂದು ಹೋಗೋ ಏಟು."

"ಮೋಟ್ರು ಲೈನು?"

"ಅದು ನಿಲ್ಲಲ್ಲ, ಹರೀತಾನೇ ಇರ್ತದೆ. ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ರೆಸಿಸ್ಟೆನ್ಸು, ಅಂದ್ರೆ ಕರೆಂಟಿಗೆ ಇರೋ ತಡೆ. ಒಣಗಿದ ಚರ್ಮ ಚೆನ್ನಾಗಿ ತಡೀತದೆ. ಮೈ ಒದ್ದೆಯಾದ್ರೆ ತಡೆ ಬಿದ್ದೋಯ್ತದೆ, ಸಾವಿರ ಓಮ್ ಉಳಿದ್ರೆ ಹೆಚ್ಚು. ಇನ್ನೂರ ಮೂವತ್ತನ್ನ ಸಾವಿರದಿಂದ ಭಾಗಿಸು. ಹೆಚ್ಚೂ ಕಮ್ಮಿ ಕಾಲು ಆಂಪಿಯರ್. ಅದರ ಅರ್ಧ ಸಾಕು ಗುಂಡಿಗೆ ನಿಲ್ಲೋಕೆ. ಹಂದಿ ಹಾಳಾಗ್ಲಿ, ಮನುಷ್ಯರು ಮುಟ್ಟಿದ್ರೆ ಕೈ ಬಿಡ್ಸೋಕೂ ಆಗಲ್ಲ."

 ನರಸಯ್ಯ ಗಂಡಸಲ್ಲವೇ, ಸೋಲೊಪ್ಪಲಿಲ್ಲ. "ಕರೆಂಟು ಬರೋದು ರಾತ್ರಿಗೆ ಕಣವ್ವ. ಅಷ್ಟರೊಳಗೆ ಬಿಚ್ಚಾಕ್ತೀನಿ ಬುಡು."

"ಇವತ್ತು ಭಾನುವಾರ. ಪಂಪಿನ ಕರೆಂಟಿನ ಪಾಳಿ ಬದಲಾಗೋ ದಿನ. ಈ ವಾರ ಹಗಲೇ ಕೊಡ್ತಾರೆ." ನಯನ ಸುತ್ತ ನೋಡಿದಳು. "ಅವ್ವ ಎಲ್ಲಿ?"

ಕೃಷ್ಣಮ್ಮ ಹೊಲದ ತೊಟ್ಟಿ ಹತ್ತಿರ ಬಟ್ಟೆ ಒಗೆಯಲು ಹೋಗಿದ್ದಳು. ಅವಳ ಫೋನು ಗೋಡೆಯಲ್ಲಿ ಚಾರ್ಜಿಗೆ ನೇತಾಡುತ್ತಿತ್ತು.

ನರಸಯ್ಯ ಎಕ್ಕಡ ಮೆಟ್ಟಲಿಲ್ಲ. ಮಗಳು ಬೇಲಿಯ ಕಡೆ, ಅವನು ಮೋಟ್ರು ಮನೆ ಕಡೆ, ಬಿದ್ದೆನೋ ಎದ್ದೆನೋ ಅಂತ ಓಡಿದರು. ಅವನ ಕಣ್ಣ ಮುಂದೆ ಒಂದೇ ಒಂದು ಕಾಣುತ್ತಿತ್ತು: ಒದ್ದೆ ಸೀರೆ, ಒದ್ದೆ ಕೈ, ತೊಟ್ಟಿ ನೀರು ಹರಿದ ಕೆಸರಲ್ಲಿ ಬರಿಗಾಲು. ದೇವರೇ, ಒಂದು ಗಳಿಗೆ ತಡಿ, ಒಂದೇ ಗಳಿಗೆ ಅಂತ ಬೇಡಿಕೊಳ್ಳುತ್ತಾ ಬಾಗಿಲು ಒದ್ದು ಒಳಗೆ ನುಗ್ಗಿದ. ವೈರಿನ ಪ್ಲಾಸ್ಟಿಕ್ ಹಿಡಿದು ಜಗ್ಗಿದ.

ಕಿತ್ತುಕೊಂಡು ಬಂತು. ಆಟೋ ಸ್ಟಾರ್ಟರ್ ಟಕ್ ಅಂತು. ಮೋಟ್ರು ಗೊಯ್ ಅನ್ನತೊಡಗಿತು.

ಕರೆಂಟು ಬಂದಿತ್ತು. ತಾನು ಕಿತ್ತಿದ್ದು ಮೊದಲೋ, ಅದು ಬಂದಿದ್ದು ಮೊದಲೋ, ಅವನಿಗೆ ತಿಳಿಯಲಿಲ್ಲ. ಹೊರಗೆ ಹೋಗಿ ನೋಡೋಣವೆಂದು ಹೊಸ್ತಿಲ ತನಕ ಬಂದು ಹಿಂದೆ ಸರಿದ. ಹೆಂಡತಿಯ ಹೆಸರು ಹಿಡಿದು ಕೂಗಲು ಹೊರಟವನು ನಿಲ್ಲಿಸಿದ. ಕೂಗಿ, ಆ ಕಡೆಯಿಂದ ಉತ್ತರ ಬರದಿದ್ದರೆ ಏನು ಮಾಡುವುದು? ವೈರು ಹಿಡಿದು ಗೋಡೆಗೊರಗಿ ಹಾಗೇ ಕುಸಿದ. ಇಷ್ಟು ವರ್ಷದ ಸಂಸಾರ, ಒಂದು ದಿನವೂ ಅವಳಿಲ್ಲದ ಮನೆಯನ್ನು ಅವನು ನೆನೆದವನಲ್ಲ. ಈಗ ನೆನೆದ.

ಬಾಗಿಲಲ್ಲಿ ನೆರಳಾಯಿತು. ಸೊಂಟದ ಮೇಲೆ ಬಕೆಟ್ಟು ಇಟ್ಟುಕೊಂಡು ಕೃಷ್ಣಮ್ಮ ನಿಂತಿದ್ದಳು. ಹಿಂದೆ ನಯನ, ಅವ್ವನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಏದುಸಿರು ಬಿಡುತ್ತಾ.

"ಬೇಲಿ ಮೇಲೆ ಹಾಕೋಕೆ ಹೋದ್ರೆ ಇವಳು ಬಂದು ಸೀರೆ ಕಿತ್ಕೊಂಡ್ಲು, ಯಾಕೆ ಅಂತ ಹೇಳ್ತಾನೂ ಇಲ್ಲ," ಅಂದಳು ಕೃಷ್ಣಮ್ಮ. "ನೀನು ಇಲ್ಲಿ ನೆಲದಲ್ಲಿ ಕೂತಿದ್ದೀಯ. ಏನಾಗೈತೆ ನಿಮ್ಗೆ?"

ನರಸಯ್ಯ ಅವಳ ಒದ್ದೆ ಕೈ ಹಿಡಿದುಕೊಂಡ. ತಣ್ಣಗಿತ್ತು, ಅಲುಗುತ್ತಿತ್ತು. "ಬೇಲಿಗೆ ಲೈನು ಕೊಟ್ಟಿದ್ದೆ ಕಣೆ," ಅಂದ. "ನಿನ್ನ ಕೊಂದ್ಬುಡ್ತಿದ್ದೆ."

ಕೃಷ್ಣಮ್ಮ ವೈರನ್ನು ನೋಡಿದಳು, ಹೊರಗಿನ ತಂತಿಯನ್ನು ನೋಡಿದಳು. ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟಳು.

"ಬೆಳಿಗ್ಗೆ ಬಟ್ಟೆ ಗಂಟು ಹೊತ್ಕೊಂಡು ಹೊರಟಾಗ ಹೊಲದಿಂದ ಬರ್ತಾ ದಾರೀಲಿ ಸಿಕ್ಕಿದ್ಯಲ್ಲ ನೀನು," ಅಂದಳು. "ನಿಂತ್ಕೊಂಡು ಮಾತಾಡ್ದೆ. ಸಾರಿಗೆ ಏನು ಮಾಡ್ತೀಯ ಅಂತ ಕೇಳ್ದೆ. ಬೇಲಿ ಮಾತೇ ಎತ್ಲಿಲ್ಲ."

ನರಸಯ್ಯ ಹೌದು ಅಂದ.